ಲುಕ್ಕಾ ತಪ್ಪಿಸಿದ ಲೆಕ್ಕ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ ಎಂಬುದು ನನ್ನ ಮನೆಯವರು ಹಬ್ಬಿಸಿರುವ ಅಪಪ್ರಚಾರ. ಬೋಲಿಂಗ್‌ಬ್ರೂಕ್‌ನ ಒಂದು ವೇರ್‌ಹೌಸಿನಲ್ಲಿ ಯಾವ ಟ್ರಕ್ಕು ಯಾವ ಬಾಗಿಲಿಗೆ ಎಷ್ಟು ಹೊತ್ತಿಗೆ ಬಂದು ನಿಲ್ಲಬೇಕೆಂದು ನಿರ್ಧರಿಸುವುದು ನನ್ನ ಉದ್ಯೋಗ. ಅಲ್ಲಿ ನಾನು ಸುಮ್ಮನೆ ಕೂತರೆ ಅರ್ಧ ಇಲಿನಾಯ್‌ಗೆ ಟಾಯ್ಲೆಟ್ ಪೇಪರ್ ಸಿಗುವುದಿಲ್ಲ. (ಈ ಮಾತನ್ನು ಮನೆಯಲ್ಲಿ ಅನೇಕ ಸಲ ಹೇಳಿದ್ದೇನೆ. ಯಾರೂ ಬೆಚ್ಚಿಬಿದ್ದಿಲ್ಲ.) ನಯಾಗರಾಕ್ಕೆ ಹೋದಾಗ, ಜಲಪಾತ ನೋಡುತ್ತ ಮೈಮರೆತಿದ್ದ ಹೆಂಡತಿ ಲೀನಾಳನ್ನು "ನೀರು ಬೀಳ್ತಾನೇ ಇರುತ್ತೆ, ನಡಿ" ಎಂದು ಎಳೆದುಕೊಂಡು ಬಂದೆನಂತೆ. ಬಂದದ್ದು ನಿಜ. ನೀರು ಈಗಲೂ ಬೀಳುತ್ತಿರುವುದೂ ನಿಜ.

ಈ ಬೇಸಿಗೆಯಲ್ಲಿ ಲೀನಾ ಇಟಲಿಯ ಪ್ರಸ್ತಾಪ ಎತ್ತಿದಳು. ರೋಮ್ ಅಲ್ಲ, ವೆನಿಸ್ ಅಲ್ಲ, ಲುಕ್ಕಾ. ಸುತ್ತ ಕೋಟೆಗೋಡೆಯಿರುವ ಹಳೆಯ ಊರು. ಗೋಡೆಯ ಮೇಲೆ ಮರಗಳ ಸಾಲು, ಮರಗಳ ನಡುವೆ ಓಡಾಡುವಷ್ಟು ಅಗಲವಾದ ದಾರಿ. ಓಕ್ ಬ್ರೂಕ್‌ನಲ್ಲಿ ಅವಳು ಕೆಲಸ ಮಾಡುವ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಬರುವ ಅಜ್ಜಿಯೊಬ್ಬರು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅದರ ವರ್ಣನೆ ಮಾಡಿದ್ದರಂತೆ. ಊರೊಳಗೆ ಒಂದು ಮನೆ ಬಾಡಿಗೆಗೆ ಹಿಡಿಯುವುದು, ಎರಡು ವಾರ ಇರುವುದು, ಏನೂ ಮಾಡದಿರುವುದು. ಇಷ್ಟೇ ಅವಳ ಯೋಜನೆ.

ಏನೂ ಮಾಡದಿರುವುದನ್ನು ಯೋಜನೆಯಿಲ್ಲದೆ ಮಾಡಲು ಹೊರಟರೆ ಅದು ಕೆಡುತ್ತದೆ ಎಂಬುದು ನನ್ನ ವೃತ್ತಿಜೀವನದ ಸಾರ. ಆದ್ದರಿಂದ ಹೆಂಡತಿಗೆ ಬೆರಗು ಹುಟ್ಟಿಸೋಣವೆಂದು ಎರಡು ವಾರದ ವಿರಾಮವನ್ನು ಸ್ಪ್ರೆಡ್‌ಶೀಟಿನಲ್ಲಿ ಹರಡಿದೆ. ನಿಧಾನವಾದ ಕಾಫಿಗೆ ಒಂದು ಖಾನೆ. ಕಿಟಕಿಯಿಂದ ಬೀದಿ ನೋಡುವುದಕ್ಕೆ ಒಂದು ಖಾನೆ. "ಕೋಟೆಗೋಡೆಯ ಮೇಲೆ ಗುರಿಯಿಲ್ಲದ ನಡಿಗೆ" ಎಂಬುದಕ್ಕೆ ಹಸಿರು ಬಣ್ಣ ಹಚ್ಚಿ, ಎಲ್ಲಿಂದ ಎಲ್ಲಿಗೆ ಎಂದೂ ಬರೆದಿದ್ದೆ. ಮಳೆ ಬಂದರೆ ಗುರಿಯಿಲ್ಲದೆ ಹೋಗಬೇಕಾದ ಬದಲಿ ಜಾಗವನ್ನೂ ಸೂಚಿಸಿದ್ದೆ.

ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಸಿಯಾ ನನ್ನ ಭುಜದ ಮೇಲಿಂದ ಇಣುಕಿ, "ಅಪ್ಪಾ, ದಿಸ್ ಈಸ್ ಎ ಹಾಸ್ಟೇಜ್ ಸಿಚುವೇಶನ್" ಎಂದು ಹೇಳಿ ಫ್ರಿಜ್ ಕಡೆ ಹೋದಳು. ಲೀನಾ ಮಾತ್ರ ಅದನ್ನು ಪೂರ್ತಿ ಓದಿದಳು. ಓದಿ, ಲ್ಯಾಪ್‌ಟಾಪ್ ಮುಚ್ಚಿ, ಒಂದು ಷರತ್ತು ಹಾಕಿದಳು. ಬರುವ ಶನಿವಾರ ಬೆಳಗಿನ ಕಾಫಿಯಿಂದ ಊಟದ ಹೊತ್ತಿನವರೆಗೆ ನಾನು ಹಿತ್ತಲಿನಲ್ಲಿ ಅವಳ ಪಕ್ಕ ಕೂರಬೇಕು. ಫೋನ್ ಇಲ್ಲ, ಏಳುವಂತಿಲ್ಲ. ಕೂತರೆ ಭಾನುವಾರ ಲುಕ್ಕಾಗೆ ಟಿಕೆಟ್.

ಆ ಶನಿವಾರಕ್ಕೆ ಸರಿಯಾಗಿ ಲೀನಾಳ ಅಕ್ಕ ವಸುಧಾ ಮತ್ತು ಅವರ ಗಂಡ ವಿಜಯ್ ಕುಮಾರ್ ಮಿಶಿಗನ್ನಿನ ಟ್ರಾಯ್‌ನಿಂದ ಬಂದಿದ್ದರು. ಈ ನನ್ನ ಷಡ್ಡಕ ಗದಗದ ಕಡೆಯವರು. ಕಾರಿನ ಬಿಡಿಭಾಗದ ಕಂಪನಿಯಲ್ಲಿ ಇಂಜಿನಿಯರ್. ಮನೆಯಿಂದಲೇ ಕೆಲಸ. ಕುರ್ಚಿಯಲ್ಲಿ ಕೂತರೆ ಕುರ್ಚಿಗೇ ಬೇಸರವಾಗಬೇಕು, ಅವರಿಗೆ ಆಗುವುದಿಲ್ಲ. ಹಾಲು ಕಾಯಿಸಲು ಬಾರದ ಅವರನ್ನು ವಸುಧಾ ಒಂದು ದಿನವೂ ಒಂಟಿಯಾಗಿ ಬಿಟ್ಟವರಲ್ಲ.

ನಾಲ್ವರೂ ಹಿತ್ತಲಿನಲ್ಲಿ ಕೂತೆವು. ವಿಜಯ್ ಕುಮಾರ್ ಹೊಟ್ಟೆಯ ಮೇಲೆ ಕಾಫಿ ಲೋಟ ಇಟ್ಟುಕೊಂಡು ಕಣ್ಣು ಮುಚ್ಚಿದರು. ನನ್ನ ತಪಸ್ಸು ಆರಂಭವಾಯಿತು. ಮೊದಲು ಕಂಡದ್ದು ಸೂರಿನ ಮಳೆನೀರಿನ ದೋಣಿಯಲ್ಲಿ ಸಿಕ್ಕಿಕೊಂಡ ಎಲೆಗಳ ರಾಶಿ. ಏಣಿ ಗ್ಯಾರೇಜಿನಲ್ಲೇ ಇತ್ತು. ಏಳಲಿಲ್ಲ. ಪಕ್ಕದ ಮನೆಯಾತ ಹುಲ್ಲು ಕತ್ತರಿಸುತ್ತ ಒಂದು ಪಟ್ಟಿಯನ್ನು ಹಾಗೇ ಬಿಟ್ಟುಹೋದ. ನನ್ನ ಬಲಗಾಲು ತಾನಾಗಿ ಎದ್ದಿತು, ಅದನ್ನು ಎಡಗಾಲಿನಿಂದ ಒತ್ತಿ ಹಿಡಿದೆ. ಮನೆಯೊಳಗೆ ವಾಷಿಂಗ್ ಮಷೀನು ಕೆಲಸ ಮುಗಿಸಿ ಹಾಡಿತು, ಮತ್ತೆ ಹಾಡಿತು. ಆಗಲೂ ಏಳಲಿಲ್ಲ. ಪುರಾಣದ ಋಷಿಗಳಿಗೆ ಅಪ್ಸರೆಯರಷ್ಟೇ ಬಂದಿದ್ದರು, ಡ್ರೈಯರ್‌ಗೆ ಹಾಕಬೇಕಾದ ಬಟ್ಟೆ ಬಂದಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಒಂದು ಉಪಾಯ ಹೊಳೆಯಿತು. ಏಳಬಾರದೆಂದು ಹೇಳಿದ್ದಳೇ ಹೊರತು ಯೋಚಿಸಬಾರದೆಂದು ಹೇಳಿರಲಿಲ್ಲ. ಅಲ್ಲಿಗೆ ಪ್ರಾಣ ಹಗುರಾಯಿತು. ಓಹೇರ್ ವಿಮಾನ ನಿಲ್ದಾಣಕ್ಕೆ ಯಾವ ಎಕ್ಸಿಟ್ ಹಿಡಿಯಬೇಕು, ಇಟಲಿಯಲ್ಲಿ ಇಳಿದು ರೈಲಿಗೆ ಹೇಗೆ ಓಡಬೇಕು, ಯಾವ ಪೆಟ್ಟಿಗೆ ಯಾರ ಕೈಗೆ ಎಂದು ಮನಸ್ಸಿನಲ್ಲೇ ಸಮಸ್ತ ಕುಟುಂಬವನ್ನೂ ರವಾನಿಸತೊಡಗಿದೆ. ಲೀನಾ ಪಕ್ಕದಲ್ಲಿ ಮೆಲ್ಲಗೆ ಏನೋ ಹೇಳುತ್ತಿದ್ದಳು. ನಾನು ಆಗಾಗ ಹೂಂಗುಟ್ಟುತ್ತಿದ್ದೆ. ಬಿಸಿಲು ನೆತ್ತಿಗೆ ಬಂದಾಗ ನಾನು ಕುರ್ಚಿಯಲ್ಲೇ ಇದ್ದೆ. ಗೆದ್ದಿದ್ದೆ. ಹೆಮ್ಮೆಯಿಂದ ಅವಳ ಕಡೆ ತಿರುಗಿ, ನಾಳೆ ಟಿಕೆಟ್ ಎಷ್ಟು ಹೊತ್ತಿಗೆ ಬುಕ್ ಮಾಡೋಣ ಎಂದು ಕೇಳಿದೆ.

ಅವಳು ನನ್ನನ್ನೇ ನೋಡಿದಳು.

"ನಾನು ಈಗ ಏನ್ ಹೇಳ್ದೆ ರೀ?"

ನಾನು ಗೋಡೆ ಎಂದೆ. ಆಮೇಲೆ ಕಾಫಿ ಎಂದೆ. ನಮ್ಮ ಸಿಯಾ ಎಂದೂ ಒಂದು ಸಲ ಎಸೆದು ನೋಡಿದೆ. ಆಗ, ನಿದ್ದೆ ಹೋಗಿದ್ದಾರೆಂದು ನಾವೆಲ್ಲ ನಂಬಿದ್ದ ವಿಜಯ್ ಕುಮಾರ್ ಕಣ್ಣು ತೆರೆಯದೆ ಬಾಯಿ ತೆರೆದರು.

"ಲುಕ್ಕಾ ಆಗ್ಲೇಬೇಕಂತಿಲ್ಲ, ಹಿಂಗ ಮಗ್ಗಲಾಗ ಕೂತು ನನ್ನ ಮಾತು ಕೇಳಿದ್ರ ಈ ಹಿತ್ತಲದಾಗನ ಸಾಕು ಅಂತ ಅಂದ್ಲು ನೋಡ್ರಿ."

ಲೀನಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅದಕ್ಕೆ ನನ್ನ ಬಳಿ ಸಿದ್ಧ ಉತ್ತರಗಳಿದ್ದವು. ಅವಳು ನನ್ನ ಖಾಲಿ ಲೋಟವನ್ನೂ ತೆಗೆದುಕೊಂಡು ಒಳಗೆ ಹೋದಳು, ವಸುಧಾ ಹಿಂದೆಯೇ ಹೋದರು. ಎದ್ದು ಹೋಗಿ ಕ್ಷಮೆ ಕೇಳಬೇಕೆನಿಸಿತು, ಆದರೆ ಏಳಬಾರದೆಂಬ ಷರತ್ತು ಇನ್ನೂ ಜಾರಿಯಲ್ಲಿದೆಯೋ ಇಲ್ಲವೋ ತಿಳಿಯದೆ ಅಲ್ಲೇ ಕೂತೆ.

ಭಾನುವಾರ ಲೀನಾ ಕೊಟ್ಟ ಮಾತಿನಂತೆ ಟಿಕೆಟ್ ಬುಕ್ ಮಾಡಿದಳು. ಎರಡು ಟಿಕೆಟ್. ಒಂದು ಅವಳಿಗೆ, ಒಂದು ಅಕ್ಕನಿಗೆ. ನೀವು ಕೂತದ್ದಾಯಿತು, ಲುಕ್ಕಾಗೆ ಟಿಕೆಟ್ ಬಂತು, ಯಾರಿಗೆ ಅಂತ ನಾನು ಹೇಳಿರಲಿಲ್ಲ ಎಂಬುದು ಅವಳ ವಾದ. ಷರತ್ತಿನ ಸಂದಿಯಲ್ಲಿ ನುಸುಳುವ ವಿದ್ಯೆಯನ್ನು ನಾನೇ ಹಿಂದಿನ ದಿನ ಪ್ರದರ್ಶಿಸಿದ್ದರಿಂದ ವಾದಿಸುವ ನೈತಿಕ ಬಲ ಉಳಿದಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅಕ್ಕತಂಗಿಯರನ್ನು ಓಹೇರ್‌ಗೆ ಬಿಟ್ಟುಬಂದೆ. ಸಿಯಾ ಆಗಲೇ ಕಾಲೇಜಿಗೆ ಮರಳಿದ್ದಳು. ವಿಜಯ್ ಕುಮಾರ್ ಮಾತ್ರ ಲ್ಯಾಪ್‌ಟಾಪ್ ಸಮೇತ ನಮ್ಮ ಮನೆಗೆ ಬಂದು ಹಿತ್ತಲಿನ ಕುರ್ಚಿಯಲ್ಲಿ ಪ್ರತಿಷ್ಠಾಪನೆಗೊಂಡಿದ್ದರು. ನಾನು ಬೆಳಗ್ಗೆ ಅವರಿಗೆ ದೋಸೆ ಹುಯ್ದು, ವೇರ್‌ಹೌಸಿಗೆ ಹೋಗಿ, ಸಂಜೆ ಬಂದು ರೊಟ್ಟಿ ಬಡಿಯಲು ಯೂಟ್ಯೂಬ್ ನೋಡಿ ಕಲಿಯುತ್ತಿದ್ದೆ.

ಎರಡನೆಯ ವಾರ, ನನಗೆ ರಜೆಯಿದ್ದ ಒಂದು ಬೆಳಗ್ಗೆ, ಲೀನಾಳ ವೀಡಿಯೋ ಕರೆ ಬಂತು. ಕೋಟೆಗೋಡೆಯ ಮೇಲೆ ಮರದ ಕೆಳಗೆ ಕೂತಿದ್ದಳು. ಇವತ್ತು ಏನು ಮಾಡಿದೆ ಎಂದು ಕೇಳಿದೆ. ಏನೂ ಇಲ್ಲ ಎಂದಳು. ನಾಳೆ ಎಂದೆ. ಇದೇ ಎಂದಳು. ಮುಖ ಚೆನ್ನಾಗಿತ್ತು. ಈ ಸಲ ನಾನು ಯಾವ ಲೆಕ್ಕಕ್ಕೂ ಹೋಗದೆ ಅವಳು ಹೇಳಿದ್ದನ್ನೆಲ್ಲ ಕೇಳಿದೆ. ಅಜ್ಜಿಯೊಬ್ಬಳು ಕಿಟಕಿಯಿಂದ ಬುಟ್ಟಿ ಇಳಿಬಿಟ್ಟದ್ದು, ಇಗರ್ಜಿಯ ಗಂಟೆ, ಪಾರಿವಾಳ ಎಲ್ಲವನ್ನೂ ಕೇಳಿದೆ. ಕೊನೆಗೆ ಬೇಗ ಬಾ ಎಂದು ಹೇಳುವ ಧೈರ್ಯವೂ ಬಂತು. ಅಷ್ಟರಲ್ಲಿ ಷಡ್ಡಕರು ಕೈಚಾಚಿ ಫೋನ್ ಇಸಿದುಕೊಂಡರು.

"ಇಲ್ಲೆ ಭಾಳ ಆರಾಮ ಅದ. ಊಟಕ್ಕ ಏನೂ ಕಡಿಮಿ ಇಲ್ಲ. ನೀವೇನ್ ಗಡಿಬಿಡಿ ಮಾಡ್ಬ್ಯಾಡ್ರಿ, ಇನ್ನೊಂದ್ ವಾರ ಇದ್ದು ಬರ್ರಿ."

ಆ ಕಡೆ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಕಾಣಿಸಿತು. ನಾನು ಒಳಗೆ ಹೋಗಿ ಅಕ್ಕಿ ಮತ್ತು ಉದ್ದಿನಬೇಳೆ ನೆನೆಹಾಕಿದೆ.