ಮಹಾಬಲನ ವೀರಮರಣ

ಗಂಡಸಿಗೆ ಅವಮಾನವಾಗುವುದಿದ್ದರೆ ಅದು ತಟ್ಟೆಗೆ ಕೈಹಾಕುವ ಹೊತ್ತಿಗೇ ಆಗಬೇಕು ಎಂದು ಯಾರು ಕಟ್ಟಳೆ ಮಾಡಿಟ್ಟರೋ ಗೊತ್ತಿಲ್ಲ. ಬುಧವಾರ ಸಂಜೆ ಮಹಾಬಲ ಆಫೀಸಿನಿಂದ ಬಹ್ರೈನಿನ ತನ್ನ ಫ್ಲಾಟಿಗೆ ಬಂದು, ಶೂ ಬಿಚ್ಚಿ, ಸಜ್ಜಿಗೆ ಅವಲಕ್ಕಿಯ ಮೊದಲ ತುತ್ತನ್ನು ಬಾಯಿಗೆ ಇಡುವುದರಲ್ಲಿದ್ದ. ಎರಡನೇ ಕ್ಲಾಸಿನಲ್ಲಿ ಓದುವ ಮಗ ರಕ್ಷಿತ್ ಎದುರಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತ.

"ಪಪ್ಪಾ, ಲಿಯೋನ್‌ನ ಡ್ಯಾಡಿ ನೈಟ್ ಅಂತೆ. ನೀನು ಎಂತದು?"

"ನೈಟಾ? ಆಲಿವರ್ ಬ್ಯಾಂಕಿನಲ್ಲಿ ಅಲ್ವಾ ಇರುವುದು? ಬ್ಯಾಂಕಿಗೆ ಯಾವಾಗಿಂದ ನೈಟ್ ಡ್ಯೂಟಿ ಶುರುವಾಯ್ತು?"

"ನೋ ಪಪ್ಪಾ! ಆ ನೈಟ್ ಅಲ್ಲ! ಕತ್ತಿ ಉಂಟು, ಶೀಲ್ಡ್ ಉಂಟು, ಹೆಲ್ಮೆಟ್ ಉಂಟು. ಹಾರ್ಸ್ ಮಾತ್ರ ಇಲ್ಲ. ನೀನು ಎಂತದು ಹೇಳು."

"ನಾನು ಅಸಿಸ್ಟೆಂಟ್ ಮ್ಯಾನೇಜರ್," ಎಂದ ಮಹಾಬಲ, ಆದಷ್ಟು ಗಂಭೀರವಾಗಿ. "ಪಾಲಿಸಿ ರಿನ್ಯೂವಲ್."

ರಕ್ಷಿತ್ ಅಪ್ಪನನ್ನು ಉಪ್ಪಿಟ್ಟು ನೋಡುವಂತೆ ನೋಡಿದ. ಒಂದು ಮಾತೂ ಆಡದೆ ಒಳಗೆ ಹೋದ. ಅವನು ಏನಾದರೂ ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅಡುಗೆಮನೆಯಿಂದ ಪಂಕಜಾಕ್ಷಿ ಸಮಾಚಾರ ಬಿಡಿಸಿ ಹೇಳಿದಳು. ಆಲಿವರ್ ಯಾವುದೋ ಕ್ಲಬ್ಬಿಗೆ ಸೇರಿದ್ದಾನಂತೆ. ಎಂಟುನೂರು ವರ್ಷದ ಹಿಂದೆ ಯುರೋಪಿನ ಸೈನಿಕರು ಹಾಕುತ್ತಿದ್ದಂಥ ಕಬ್ಬಿಣದ ಉಡುಪು ತೊಟ್ಟು, ಆ ಕಾಲದ ಹಾಗೆಯೇ ಗುಡಾರ ಹಾಕಿ, ಆ ಕಾಲದ ಹಾಗೆಯೇ ಹೊಡೆದಾಡುವುದು ಆ ಕ್ಲಬ್ಬಿನ ಕೆಲಸವಂತೆ. ಬರುವ ಶುಕ್ರವಾರ ಅರಾದಿನ ಒಂದು ಮೈದಾನದಲ್ಲಿ ಪ್ರದರ್ಶನ, ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ಲಿಯೋನ್‌ನ ಮಮ್ಮಿ ಶಾಲೆಯ ತಾಯಂದಿರ ಗ್ರೂಪಿನಲ್ಲಿ ಹಾಕಿದ್ದಾಳೆ.

ಮಹಾಬಲ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಲಿವರ್ ಎಂದರೆ ಮಂಗಳೂರಿನ ಕುಲಶೇಖರದವನು. ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಇಬ್ಬರ ಆಫೀಸೂ ಒಂದೇ ಕಟ್ಟಡ, ಒಂದೇ ಲಿಫ್ಟು. ಹೋದ ವರ್ಷ ಕೆಳಗಿನ ಕ್ಯಾಂಟೀನಿನಲ್ಲಿ ಸಾಸ್ ಬಾಟ್ಲಿಯ ಮುಚ್ಚಳ ತೆಗೆಯಲಾಗದೆ, "ಮಹಾಬಲಣ್ಣ, ಸ್ವಲ್ಪ ನೋಡಿ" ಎಂದು ಇವನ ಕೈಗೆ ಕೊಟ್ಟವನು. (ಇವನಿಂದಲೂ ಆಗಿರಲಿಲ್ಲ, ಆ ಮಾತು ಈಗ ಬೇಡ.) ಅಂಥವನು ವೀರಯೋಧ, ತಾನು ರಿನ್ಯೂವಲ್ಲು!

"ಶುಕ್ರವಾರ ಹೋಗುವ," ಎಂದ ಮಹಾಬಲ. "ಮಕ್ಕಳಿಗೆ ಇತಿಹಾಸ ಗೊತ್ತಾಗ್ಬೇಕು."

"ಇತಿಹಾಸ ಮಕ್ಕಳಿಗೆ ಗೊತ್ತಾದ್ರೆ ಸಾಕು. ನೀವು ದೂರದಲ್ಲಿ ನಿಂತು ನೋಡಿ, ಆಯ್ತಾ?" ಎಂದಳು ಪಂಕಜಾಕ್ಷಿ. ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡನ ಮುಖ ಯಾವಾಗ ಯಾವ ಬಣ್ಣಕ್ಕೆ ತಿರುಗುತ್ತದೆಂದು ಅವಳು ಅರಿತಿದ್ದಳು.

ಶುಕ್ರವಾರ ಮಧ್ಯಾಹ್ನ ಹೊರಟಾಗ ಅವಳ ಹೆಗಲಲ್ಲಿದ್ದ ಚೀಲದೊಳಗೆ ಚಪಾತಿ ರೋಲು, ಕಿತ್ತಳೆ, ನಾಲ್ಕು ಬಾಟ್ಲಿ ನೀರು, ನಾಲ್ಕು ವರ್ಷದ ಮಗಳು ಅನಿಷಾಳಿಗೆ ಎರಡು ಜತೆ ಬಟ್ಟೆ, ಒದ್ದೆ ಟಿಶ್ಯೂ, ನೋವಿನ ಮುಲಾಮು ಎಲ್ಲ ಇದ್ದವು. ಆ ಕಾಲದ ರಾಜರು ತಿಂಗಳುಗಟ್ಟಲೆ ದಂಡಯಾತ್ರೆಗೆ ಹೊರಟಾಗಲೂ ಇಷ್ಟು ವ್ಯವಸ್ಥೆ ಇದ್ದಿರಲಿಕ್ಕಿಲ್ಲ.

ಮೈದಾನ ಚೆನ್ನಾಗಿತ್ತು. ನವೆಂಬರಿನ ಹಿತವಾದ ಬಿಸಿಲು, ಸಮುದ್ರದ ಗಾಳಿ, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಬಿಳಿ ಗುಡಾರಗಳು. ಒಂದು ಕಡೆ ಕಮ್ಮಾರನೊಬ್ಬ ಕುಲುಮೆ ಊದುತ್ತಿದ್ದ. ಇನ್ನೊಂದು ಕಡೆ ಉದ್ದ ಲಂಗದ ಹೆಂಗಸರು ಉಣ್ಣೆ ನೂಲುತ್ತಿದ್ದರು. ರೇಷ್ಮೆಯ ನಿಲುವಂಗಿ ತೊಟ್ಟ ದಪ್ಪ ಮನುಷ್ಯನೊಬ್ಬ ಮೈಕಿನಲ್ಲಿ ಹದಿಮೂರನೆಯ ಶತಮಾನದ ಇಂಗ್ಲಿಷಿನಲ್ಲಿ ಸಾರುತ್ತಿದ್ದ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಐದೈದು ನಿಮಿಷಕ್ಕೆ ಒಂದು ವಿಮಾನ ಎಲ್ಲರ ತಲೆ ಸವರಿದಂತೆ ಇಳಿಯುತ್ತಿತ್ತು. ಆಗೆಲ್ಲ ಹದಿಮೂರನೆಯ ಶತಮಾನ ಬಾಯಿ ಮುಚ್ಚಿಕೊಂಡು ಮೇಲೆ ನೋಡುತ್ತಿತ್ತು.

ಆದರೆ ಚಿಕ್ಕ ಮಕ್ಕಳ ಜತೆ ಇತಿಹಾಸ ನೋಡುವುದು ಅಷ್ಟು ಸುಲಭವಲ್ಲ. ಬಿಲ್ಲುಗಾರರು ಹೆದೆ ಎಳೆದು ನಿಂತ ಕ್ಷಣಕ್ಕೆ ಸರಿಯಾಗಿ ಅನಿಷಾ, "ಪಪ್ಪಾ, ಸುಸ್ಸು" ಎಂದಳು. ಟಾಯ್ಲೆಟ್ಟು ಮೈದಾನದ ಆ ತುದಿಯಲ್ಲಿ. ಹೊತ್ತುಕೊಂಡು ಓಡಿ, ಸರತಿಯಲ್ಲಿ ನಿಂತು, ಕೆಲಸ ಮುಗಿಸಿ ಮಹಾಬಲ ವಾಪಸು ಬರುವಾಗ ಬಾಣಗಳನ್ನು ಹೆಕ್ಕುತ್ತಿದ್ದರು. ಕುದುರೆ ಸವಾರರು ಈಟಿ ಎತ್ತಿದಾಗ ರಕ್ಷಿತನಿಗೆ ಅವಸರವಾಯಿತು. ಅವನನ್ನು ಕರೆದುಕೊಂಡು ಬಂದಾಗ ಕುದುರೆಗಳು ಹುಲ್ಲು ತಿನ್ನುತ್ತಿದ್ದವು. ಮೂರನೆಯ ಸಲ ಕಮ್ಮಾರ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಇಡುತ್ತಿದ್ದಂತೆ ಮಹಾಬಲ ತಾನೇ ಮಗಳನ್ನು ಕೇಳಿದ: "ಈಗಾ?" ಅವಳು ಸಂತೋಷದಿಂದ ತಲೆಯಾಡಿಸಿದಳು.

ನಡುವೆ ಸಿಕ್ಕಿದ ಹತ್ತು ನಿಮಿಷವನ್ನು ಮಕ್ಕಳಿಬ್ಬರೂ ಒಂದು ಗುಡಾರದ ಕೆಳಗೆ ಮಲಗಿದ್ದ ಬೆಕ್ಕಿಗೆ ಮೀಸಲಿಟ್ಟರು.

"ಇದೇ ಬೆಕ್ಕು ನಮ್ಮ ಬಿಲ್ಡಿಂಗಿನ ಕೆಳಗೂ ಉಂಟಲ್ಲ!" ಎಂದು ಮಹಾಬಲ ಅಂಗಲಾಚಿದ. "ಆಚೆ ನೋಡು ಮಗಾ, ರಾಜ!"

"ರಾಜನಿಗೆ ಬಾಲ ಇಲ್ಲ," ಎಂದಳು ಅನಿಷಾ.

ಪಂಕಜಾಕ್ಷಿ ಮಾತ್ರ ನೆರಳಲ್ಲಿ ಚಾಪೆ ಹಾಸಿ, ಕಾಲು ಚಾಚಿ, ಕಿತ್ತಳೆ ಸುಲಿಯುತ್ತ ಎಲ್ಲವನ್ನೂ ನೋಡಿದಳು. ಬಾಣ, ಕುದುರೆ, ಕಮ್ಮಾರ, ಒಂದನ್ನೂ ಬಿಡಲಿಲ್ಲ. "ಭಾರಿ ಲಾಯ್ಕ ಉಂಟು ಮಾರಾಯ್ರೆ. ನೀವು ಯಾಕೆ ಸುಮ್ಮನೆ ಅಲ್ಲಿ ಇಲ್ಲಿ ತಿರುಗುವುದು?" ಎಂದು ಕೇಳಿದಳು. ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಂಸಾರ ಉಳಿಯುವುದಿಲ್ಲ.

ಅಷ್ಟರಲ್ಲಿ ಒಂದು ಉಕ್ಕಿನ ಕಂಬ ಝಣಝಣ ಸದ್ದು ಮಾಡುತ್ತ ನಡೆದು ಬಂತು. ಮುಖದ ಮುಚ್ಚಳ ಎತ್ತಿತು. ಒಳಗೆ ಆಲಿವರ್.

"ಓಹೋ ಮಹಾಬಲಣ್ಣ! ಬಂದ್ರಾ? ಅತ್ತಿಗೆ, ಆರಾಮಾ? ಮಕ್ಕಳಿಗೆ ಖುಷಿ ಆಯ್ತಾ?"

ರಕ್ಷಿತ್ ಬೆಕ್ಕನ್ನು ಕೈಬಿಟ್ಟು ಎದ್ದು ನಿಂತ. ಆಲಿವರನ ಮುಂಗೈಯ ಕವಚವನ್ನು ಒಂದು ಬೆರಳಿನಿಂದ ಮುಟ್ಟಿದ. ಅವನ ಬಾಯಿ ಅರ್ಧ ತೆರೆದಿತ್ತು. ತಾನು ಟ್ಯಾಬ್ ತಂದುಕೊಟ್ಟ ದಿನವೂ ಈ ಮುಖ ಹೀಗೆ ಅರಳಿರಲಿಲ್ಲವಲ್ಲ ಎಂದು ಮಹಾಬಲನಿಗೆ ಎದೆಯೊಳಗೆ ಏನೋ ಚುಚ್ಚಿತು.

ಆಗಲೇ ಮೈಕು ಕೂಗಿತು. ಈಗ ಅಪ್ಪಂದಿರ ಕಾಳಗ! ಪ್ರೇಕ್ಷಕರಲ್ಲಿ ಯಾರಾದರೂ ಒಬ್ಬ ತಂದೆ ಕವಚ ತೊಟ್ಟು, ಸ್ಪಂಜಿನ ಕತ್ತಿ ಹಿಡಿದು, ವೀರ ಆಲಿವರನನ್ನು ಎದುರಿಸಬಹುದು. ಯಾರಿದ್ದೀರಿ ಗಂಡೆದೆಯವರು?

ಮೈದಾನದ ತುಂಬ ಇದ್ದ ಅಪ್ಪಂದಿರೆಲ್ಲ ಒಮ್ಮೆಲೇ ತಮ್ಮ ತಮ್ಮ ಫೋನು ನೋಡತೊಡಗಿದರು. ಪಂಕಜಾಕ್ಷಿ ಗಂಡನ ಮೊಣಕೈ ಹಿಡಿಯಲು ಕೈ ಚಾಚಿದಳು. ಅವಳ ಕೈಗೆ ಗಾಳಿ ಸಿಕ್ಕಿತು. ಮಹಾಬಲನ ಕೈ ಆಗಲೇ ಆಕಾಶದಲ್ಲಿತ್ತು.

"ನಿಮಗೆ ಮರ್ಲಾ?" ಎಂದಳು ಅವಳು. "ಮೊನ್ನೆ ಗ್ಯಾಸ್ ಸಿಲಿಂಡರ್ ಸರಿಸ್ಲಿಕ್ಕೆ ಹೋಗಿ ಎರಡು ದಿನ ಸೊಂಟ ಹಿಡ್ಕೊಂಡು ಕೂತದ್ದು ಯಾರು?"

"ಅದು ಸಿಲಿಂಡರ್. ಇದು ಯುದ್ಧ," ಎಂದು ಮಹಾಬಲ ಹೊರಟ.

ಅವನಿಗೆ ಕವಚ ತೊಡಿಸಿದವನು ಫಾಯಿಝ್ ಎಂಬ ಗಡ್ಡದ ಬಹ್ರೈನಿ, ಕ್ಲಬ್ಬಿನ ಉಡುಪಿನ ಉಸ್ತುವಾರಿ. ಮೊದಲು ಹತ್ತಿ ತುಂಬಿದ ಗಾದಿಯಂಥ ಅಂಗಿ. ಅದರ ಮೇಲೆ ಸಾವಿರಾರು ಕಬ್ಬಿಣದ ಬಳೆ ಹೆಣೆದ ಅಂಗಿ, ತೂಕ ಹದಿನೈದು ಕೆಜಿ. ಅದು ಹೆಗಲಿನಿಂದ ಇಳಿದು ಹೊಟ್ಟೆಯ ಹತ್ತಿರ ಬಂದು ನಿಂತಿತು. ಮುಂದೆ ಹೋಗಲಿಲ್ಲ.

"ಭಾಯಿ ಸಾಬ್, ಸಾಂಸ್ ಅಂದರ್," ಎಂದ ಫಾಯಿಝ್. ಮಹಾಬಲ ಉಸಿರು ಎಳೆದುಕೊಂಡ. "ಔರ್ ಅಂದರ್." ಇನ್ನು ಒಳಗೆ ಜಾಗವಿರಲಿಲ್ಲ. ಫಾಯಿಝ್ ಎರಡು ಕೈಯಿಂದ ಜಗ್ಗಿದ. ಅಂಗಿ ಇಳಿಯಿತು. ಆಮೇಲೆ ಉಸಿರು ಬಿಡಲು ನೋಡಿದರೆ ಬಿಡುವುದಕ್ಕೆ ಎಡೆಯಿಲ್ಲ. ಕಡೆಗೆ ಶಿರಸ್ತ್ರಾಣ. ಅದನ್ನು ಹಾಕಿದ ಕೂಡಲೇ ಲೋಕ ಅಂಚೆಪೆಟ್ಟಿಗೆಯ ಬಾಯಷ್ಟಾಯಿತು. ಮೂಗಿನ ತುದಿಯಲ್ಲಿ ತುರಿಕೆ ಶುರುವಾಯಿತು.

"ಶ್ವೈ ಶ್ವೈ," ನಿಧಾನ, ನಿಧಾನ ಎಂದು ಫಾಯಿಝ್ ಅವನನ್ನು ಕೈಹಿಡಿದು ಅಂಗಣದ ನಡುವೆ ತಂದು ಬಿಟ್ಟ, ಹಸೆಮಣೆಗೆ ಕರೆತಂದ ಮದುಮಗಳಂತೆ.

ಎದುರಿಗೆ ಆಲಿವರ್. ಸುತ್ತ ಇನ್ನೂರು ಜನ. ಅಂಚೆಪೆಟ್ಟಿಗೆಯ ಬಾಯೊಳಗಿಂದ ಮಹಾಬಲನಿಗೆ ಮಗನ ಕೆಂಪು ಟೊಪ್ಪಿ ಕಂಡಿತು. "ಗೋ ಪಪ್ಪಾ!" ಎಂಬ ಕೂಗು ಕೇಳಿತು. ಆ ಕೂಗಿಗೆ ಮೈಯೆಲ್ಲ ಜುಮ್ಮೆಂದಿತು. ಇವತ್ತು ಏನಾದರಾಗಲಿ, ಒಂದು ಏಟಾದರೂ ಹಾಕಿಯೇ ಹಾಕುವೆನೆಂದು ಅವನು ಹಲ್ಲು ಕಚ್ಚಿದ.

ಕಾಳಗಕ್ಕೆ ಮುಂಚೆ ವೀರರು ಒಬ್ಬರಿಗೊಬ್ಬರು ಬಾಗಿ ವಂದಿಸಬೇಕೆಂಬುದು ಕ್ರಮ. ಆಲಿವರ್ ಬಾಗಿದ, ಎದ್ದ. ಮಹಾಬಲ ಬಾಗಿದ.

ಬಾಗಿದವನು ಬಾಗಿದಲ್ಲೇ ಇದ್ದ. ಹದಿನೈದು ಕೆಜಿ ಕಬ್ಬಿಣ ಕುತ್ತಿಗೆಯ ಕಡೆಗೆ ಸರಿಯಿತು. ಸೊಂಟದೊಳಗೆ ಹಳೆ ಬಾಗಿಲಿನಂಥ ಒಂದು ಸದ್ದಾಯಿತು. ಎರಡು ಹೆಜ್ಜೆ ಮುಂದಕ್ಕೆ ಓಡಿದ, ತಡೆಯಲು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ, ಅಂಗಾತ ಬಿದ್ದ. ನೆಲ ಗುಡುಗಿತು. ಆಲಿವರ್ ಇನ್ನೂ ಕತ್ತಿಯನ್ನೇ ಎತ್ತಿರಲಿಲ್ಲ.

"ಮಹಾಬಲಣ್ಣ, ಎಂತ ಆಯ್ತು?" ಎಂದು ಗಾಬರಿಯಿಂದ ಅವನು ಕತ್ತಿ ಹಿಡಿದುಕೊಂಡೇ ಬಗ್ಗಿದ. ಬಗ್ಗಿದ್ದು ಸಹಾಯಕ್ಕೆ. ಆದರೆ ನಾಲ್ಕು ವರ್ಷದ ಹುಡುಗಿಗೆ ಕಂಡದ್ದು ಬೇರೆ.

"ಡೋಂಟ್ ಕಿಲ್ ಮೈ ಪಪ್ಪಾ!"

ಪಂಕಜಾಕ್ಷಿ ಕಿತ್ತಳೆಯ ತೊಳೆ ಬಾಯಿಗಿಟ್ಟು ಒಂದು ಕೈಯಲ್ಲಿ ವೀಡಿಯೊ ತೆಗೆಯುತ್ತಿದ್ದಳು. ಮಗಳು ಯಾವಾಗ ಅಂಗಣದ ಸುತ್ತ ಕಟ್ಟಿದ್ದ ಹಗ್ಗದಡಿ ನುಸುಳಿದಳೆಂದು ತಿಳಿಯಲಿಲ್ಲ. ಅನಿಷಾ ಬಿದ್ದಿದ್ದ ಅಪ್ಪನ ಸ್ಪಂಜಿನ ಕತ್ತಿಯನ್ನು ಎರಡು ಕೈಯಲ್ಲಿ ಎತ್ತಿ ಆಲಿವರನ ಮೊಣಕಾಲಿಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಅವಳ ಹಿಂದೆ ರಕ್ಷಿತ್ ಬಂದ. ರಕ್ಷಿತನ ಹಿಂದೆ, ಸ್ವಂತ ಅಪ್ಪನೆಂಬ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳದೆ, ಲಿಯೋನ್ ಬಂದ. ಆಮೇಲೆ ಮೈದಾನದ ಮಕ್ಕಳೆಲ್ಲ, ಮಲಯಾಳಿ, ಫಿಲಿಪಿನೋ, ಬಹ್ರೈನಿ, ಇಂಗ್ಲಿಷ್ ಎಂಬ ಭೇದವಿಲ್ಲದೆ ಒಳಗೆ ನುಗ್ಗಿದರು.

ಆಲಿವರ್ ಒಳ್ಳೆಯ ಮನುಷ್ಯ. ಎದೆ ಹಿಡಿದುಕೊಂಡ, ಮೂರು ಸುತ್ತು ತಿರುಗಿದ, ಆಕಾಶಕ್ಕೆ ಕೈಚಾಚಿ ಭರ್ಜರಿಯಾಗಿ ಸತ್ತ. ಇನ್ನೂರು ಜನ ಎದ್ದು ಚಪ್ಪಾಳೆ ತಟ್ಟಿದರು. ರೇಷ್ಮೆಯ ದಪ್ಪ ಮನುಷ್ಯ ಅನಿಷಾಳನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿ, ಹೆಗಲಿಗೆ ಕತ್ತಿ ಮುಟ್ಟಿಸಿ, ಇಂದಿನಿಂದ ಈಕೆ ವೀರಮಹಿಳೆ ಅನಿಷಾ ಎಂದು ಸಾರಿದ. ತುತ್ತೂರಿ ಊದಿದರು. ಫೋಟೋ ತೆಗೆದರು. ಅನಿಷಾ ಮೈಕಿನಲ್ಲಿ, "ಸುಸ್ಸು" ಎಂದಳು. ಅದಕ್ಕೂ ಚಪ್ಪಾಳೆ ಬಿತ್ತು.

ಈ ಸಂಭ್ರಮದಲ್ಲಿ ನೆಲದ ಮೇಲೆ ಇನ್ನೊಬ್ಬ ಯೋಧ ಮಲಗಿದ್ದನ್ನು ಯಾರೂ ನೆನೆಯಲಿಲ್ಲ. ಮಹಾಬಲ ಅಂಚೆಪೆಟ್ಟಿಗೆಯ ಬಾಯಿಂದ ಎರಡು ವಿಮಾನ ಇಳಿಯುವುದನ್ನು ನೋಡಿದ. ಕಡೆಗೆ ಪಂಕಜಾಕ್ಷಿಯ ಮುಖ ಅಡ್ಡ ಬಂತು.

"ಏಳಿ ಮಾರಾಯ್ರೆ, ಎಲ್ಲ ಮುಗೀತು."

"ಏಳ್ಲಿಕ್ಕೆ ಆಗುವುದಾದ್ರೆ ಆಗಲೇ ಏಳ್ತಿರ್ಲಿಲ್ವಾ?"

ನಾಲ್ಕು ಜನ ವೀರರು ಸೇರಿ ಅವನನ್ನು ಕಾರಿನ ತನಕ ಹೊತ್ತು ತಂದರು. ದಾರಿಯುದ್ದಕ್ಕೂ ರಕ್ಷಿತ್ ತಂಗಿಯ ಪರಾಕ್ರಮವನ್ನೇ ಹಾಡಿದ. ಅಪ್ಪನ ಬಗ್ಗೆ ಮಾತಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಹಾಬಲ, ಮುಲಾಮಿನ ಘಾಟಿನ ನಡುವೆ, ಇನ್ನು ಮಗನ ಮುಂದೆ ತಲೆಯೆತ್ತುವುದು ಹೇಗೆಂದು ಯೋಚಿಸಿದ. (ಸದ್ಯಕ್ಕೆ ತಲೆ ಎತ್ತಲು ಆಗುತ್ತಲೂ ಇರಲಿಲ್ಲ.)

ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಮಕ್ಕಳು ಶಾಲೆಗೆ ಹೋದರು. ಮಹಾಬಲ ರಜೆ ಹಾಕಿ ಹಾಲಿನ ನಡುವೆ, ಡಾಕ್ಟರು ಹೇಳಿದಂತೆ, ಬರೀ ಚಾಪೆಯ ಮೇಲೆ ಮಲಗಿದ್ದ. ಹನ್ನೊಂದು ಗಂಟೆಗೆ ಪಂಕಜಾಕ್ಷಿಯ ಫೋನು ಬಡಿದುಕೊಂಡಿತು. ಅವಳು ಬಚ್ಚಲಲ್ಲಿ ಬಕೆಟ್ಟಿಗೆ ನೀರು ತುಂಬಿಸುತ್ತಿದ್ದಳು. ಮಹಾಬಲ ನರಳುತ್ತ ಕೈಚಾಚಿ ಎತ್ತಿಕೊಂಡ.

ರಕ್ಷಿತನ ಕ್ಲಾಸ್ ಟೀಚರು. ಇಂಗ್ಲಿಷಿನಲ್ಲಿ ಬಹಳ ಮೆಲ್ಲನೆಯ ದನಿ. "ಮಿಸೆಸ್ ಪಂಕಜಾಕ್ಷಿ ಮಾತಾಡುವ ಸ್ಥಿತಿಯಲ್ಲಿದ್ದಾರಾ?"

"ಅವಳು ನೆಲ ಒರೆಸ್ಲಿಕ್ಕೆ ಹೊರಟಿದ್ದಾಳೆ," ಎಂದ ಮಹಾಬಲ, ನೋವಿನಿಂದ ನಡುಗುವ ದನಿಯಲ್ಲಿ.

"ಅಯ್ಯೋ ಪಾಪ. ಮನೆ ಶುದ್ಧಿ ಮಾಡ್ತಿದ್ದಾರೆ," ಎಂದು ಟೀಚರು ನಿಟ್ಟುಸಿರು ಬಿಟ್ಟಳು. "ನೀವು ರಕ್ಷಿತನ ಅಜ್ಜ ಇರಬೇಕು. ಈ ವಯಸ್ಸಿನಲ್ಲಿ ಇಂಥದ್ದನ್ನು ನೋಡುವ ಹಾಗಾಯ್ತಲ್ಲ. ಧೈರ್ಯ ತಂದುಕೊಳ್ಳಿ ಸರ್."

ನಲವತ್ತೊಂದು ವರ್ಷದ ಮಹಾಬಲ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ. ಟೀಚರು ಮುಂದುವರಿಸಿದಳು. ಮಕ್ಕಳಿಗೆ ವಾರದ ರಜೆಯ ಬಗ್ಗೆ ಬರೆಯಲು ಹೇಳಿದ್ದಳಂತೆ. ರಕ್ಷಿತ್ ಬರೆದದ್ದನ್ನು ಓದಿ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುಮ್ಮನಾಗಿಬಿಟ್ಟರಂತೆ. ಒಂದೊಂದೇ ವಾಕ್ಯ ಓದಿದಳು. "ಶುಕ್ರವಾರ ನನ್ನ ಪಪ್ಪ ಯುದ್ಧದಲ್ಲಿ ಸತ್ತರು. ನನ್ನ ತಂಗಿ ಶತ್ರುವನ್ನು ಕೊಂದಳು. ಮಮ್ಮಿ ಕಿತ್ತಳೆ ತಿಂದರು."

ಮಹಾಬಲ ಎಲ್ಲವನ್ನೂ ಅರ್ಥಮಾಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ಟೀಚರ ದನಿ ಗದ್ಗದವಾಯಿತು.

"ಕಡೆಯಲ್ಲಿ ಹೀಗೆ ಬರೆದಿದ್ದಾನೆ ಸರ್: ನನ್ನ ಪಪ್ಪನಿಗೆ ಫೈಟಿಂಗ್ ಬರುವುದಿಲ್ಲ. ಬೇರೆ ಪಪ್ಪಂದಿರು ಯಾರೂ ಕೈ ಎತ್ತಲಿಲ್ಲ. ನನ್ನ ಪಪ್ಪ ಎತ್ತಿದರು."

ಮಹಾಬಲ ತೆರೆದ ಬಾಯನ್ನು ಮುಚ್ಚಿಕೊಂಡ. ಸೀಲಿಂಗಿನ ಫ್ಯಾನು ಸ್ವಲ್ಪ ಮಸುಕಾಗಿ ಕಂಡಿತು. ಆದಷ್ಟು ಅಜ್ಜನ ದನಿಯಲ್ಲೇ ಕೇಳಿದ: "ಅದನ್ನು ಇನ್ನೊಂದು ಸಲ ಓದ್ತೀರಾ, ಟೀಚರ್?"

ಟೀಚರು ಓದತೊಡಗಿದಳು. ಬಕೆಟ್ಟು, ನೆಲ ಒರೆಸುವ ಕೋಲು ಹಿಡಿದುಕೊಂಡು ಪಂಕಜಾಕ್ಷಿ ಹಾಲಿಗೆ ಬಂದಳು.

"ಯಾರದ್ದು ಫೋನು?"

"ನಾನು ಸತ್ತದ್ದಕ್ಕೆ ಮಾಡಿದ್ದಾರೆ," ಎಂದು ಮಹಾಬಲ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

ಪಂಕಜಾಕ್ಷಿ ಕೋಲಿನ ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದಳು.

"ಸತ್ತವರು ಸ್ವಲ್ಪ ಆಚೆ ಸರೀರಿ. ಅಡಿಯಲ್ಲಿ ಒರೆಸ್ಬೇಕು."