ಎರಡು ಪ್ರಕಟಣೆ ಬೇಕಂತೆ

ರೇಷ್ಮೆ ಹುಳುವಿನ ತಳಿ ನೋಡುತ್ತಲೇ ನನ್ನ ತಲೆ ನರೆಯಿತು. ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ತಳಿಶಾಸ್ತ್ರದ ಪಾಠ ಮಾಡ್ತೀನಿ, ಉಳಿದ ಹೊತ್ತು ಸಂಶೋಧನೆ. ಹುಳಗಳಿಂದ ನನಗೆ ಯಾವತ್ತೂ ಬೇಸರವಾಗಿಲ್ಲ. ಸೊಪ್ಪು ಹಾಕಿದರೆ ತಿಂತವೆ, ಹೊತ್ತು ಬಂದರೆ ಗೂಡು ಕಟ್ತವೆ. ಸುಸ್ತು ಮಾಡಿಸೋದು ಅವುಗಳ ಬಗ್ಗೆ ಬರೆದದ್ದನ್ನು ಅಚ್ಚು ಹಾಕಿಸೋ ಕೆಲಸ. ಅಲ್ಲಿ ದಿನಕ್ಕೊಂದು ಎಡವಟ್ಟು ಇದ್ದೇ ಇರುತ್ತೆ. ಮೊದಮೊದಲು ಸಿಟ್ಟು ಬರ್ತಿತ್ತು, ಈಗ ಅದಕ್ಕೂ ತ್ರಾಣವಿಲ್ಲದೆ ನಗ್ತೀನಿ.

ಹುಳದ ಡಾಕ್ಟರು

ಬೆಳಗ್ಗೆ ಮೊಬೈಲ್ ತೆಗೆದರೆ ಯಾವುದಾದರೂ ಪತ್ರಿಕೆಯವರ ಮೇಲ್ ಬಂದಿರುತ್ತೆ. 'ಮಾನ್ಯರೇ, ತಮ್ಮ ಅಮೋಘ ಸಂಶೋಧನೆ ಓದಿ ಪುಳಕಿತರಾದೆವು. ನಮ್ಮ ದಂತವೈದ್ಯ ಪತ್ರಿಕೆಗೆ ಒಂದು ಲೇಖನ ದಯಪಾಲಿಸಿ.' ಕಾಸು ಕೊಟ್ಟರೆ ಏನನ್ನು ಬೇಕಾದರೂ ಅಚ್ಚು ಹಾಕೋ ಅಂಗಡಿಗಳು ಇವು. ನಾನು ನೋಡಿದ ತಕ್ಷಣ ಅಳಿಸಿಹಾಕ್ತಿದ್ದೆ. ಒಂದು ದಿನ ನಮ್ಮ ಮನೆಯಾಕೆ ನನಗಿಂತ ಮೊದಲೇ ಓದಿಬಿಟ್ಟಳು. ಮದುವೆಯಾದಾಗಿನಿಂದ ಅವಳ ಗಂಡನನ್ನು ಯಾರಾದರೂ ಅಮೋಘ ಅಂದದ್ದು ಅದೇ ಮೊದಲು. ಸುಮ್ಮನಿರ್ತಾಳಾ? ಬೀದಿಗೆಲ್ಲ ಸಾರಿದಳು.

ಸಾಯಂಕಾಲ ಪಕ್ಕದ ಬೀದಿಯ ಎಳನೀರು ಮಾರೋನು ಕೆನ್ನೆ ಊದಿಸಿಕೊಂಡು ಬಂದ.

"ಸಾ, ಈ ದವಡೆ ವಸಿ ನೋಡಿ ಸಾ."

"ನಾನು ಹಲ್ಲಿನ ಡಾಕ್ಟರಲ್ಲ ಕಣಯ್ಯ. ರೇಷ್ಮೆ ಹುಳದ ಡಾಕ್ಟರು."

ಅವನು ಬಾಯಿ ಇನ್ನಷ್ಟು ಅಗಲಿಸಿ ನನ್ನ ಮುಖದ ಹತ್ತಿರ ತಂದ. "ಅದ್ಕೇ ಬಂದೆ ಸಾ. ಇದ್ರಾಗೂ ಉಳಾನೇ ಬಿದ್ದಿರಾದು."

ಲಗ್ನಪತ್ರಿಕೆ

ನನ್ನ ಕೈಕೆಳಗೆ ಪಿಎಚ್.ಡಿ. ಮಾಡ್ತಿದ್ದವಳು ಮಾಂಬಳ್ಳಿಯ ಒಬ್ಬ ಹೆಣ್ಣುಮಗಳು. ಯಳಂದೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಕತ್ತೆಯಂಥ ದುಡಿಮೆ. ಮೂರು ವರ್ಷದೊಳಗೆ ಡಾಕ್ಟರೇಟ್ ಬರದಿದ್ದರೆ ಆ ಕೆಲಸವೂ ಇಲ್ಲ ಅಂತ ಹೊಸ ನಿಯಮ ಬಂತು. ಡಾಕ್ಟರೇಟ್ ಬೇಕಾದರೆ ಮಹಾಪ್ರಬಂಧ ಸಲ್ಲಿಸೋ ಮುಂಚೆ ಎರಡು ಪ್ರಕಟಣೆ ಆಗಿರಬೇಕು ಅಂತ ವಿಶ್ವವಿದ್ಯಾಲಯದ ಕಟ್ಟಪ್ಪಣೆ. ಚೆನ್ನಾಗಿರಬೇಕು ಅಂತ ಎಲ್ಲೂ ಬರೆದಿಲ್ಲ. ಎರಡು ಇರಬೇಕು, ಅಷ್ಟೇ.

ಅವಳು ಮೊದಲನೇ ಪ್ರಬಂಧ ಬರೆದಳು. ಅದನ್ನು ನಮ್ಮ ವಿಭಾಗದವರೆಲ್ಲ ಒಮ್ಮೆ ನೋಡಲಿ ಅಂತ ಕಳಿಸಿದ್ವಿ. ನಮ್ಮ ಕಡೆ ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಇರುತ್ತಲ್ಲ ಫಜೀತಿ, ಚಿಕ್ಕಪ್ಪನ ಹೆಸರು ಬಿಟ್ಟರೆ ಅವನು ಮದುವೆ ಮನೇಲಿ ಕೈ ತೊಳೆಯಲ್ಲ, ಸೋದರಮಾವನನ್ನು ಕೆಳಗೆ ಹಾಕಿದರೆ ಅತ್ತೆ ಮುಖ ತಿರುಗಿಸ್ತಾಳೆ. ಥೇಟ್ ಹಾಗೇ ಆಯ್ತು. ಮುಖ್ಯಸ್ಥರು ತಮ್ಮ ಹೆಸರು ಸೇರಿಸಿದರು. ಹುಳದ ಮೊಟ್ಟೆ ಇಡೋಕೆ ಫ್ರಿಜ್ಜಿನಲ್ಲಿ ಜಾಗ ಕೊಟ್ಟಿದ್ದ ಒಬ್ಬರು ತಮ್ಮದನ್ನೂ, ಜೊತೆಗೆ ಹೆಂಡತಿಯದನ್ನೂ ಸೇರಿಸಿದರು. ಪಟ್ಟಿ ಉದ್ದವಾಯ್ತು ಅಂತ ಯಾರೋ ಪುಣ್ಯಾತ್ಮರು ಒಂದು ಹೆಸರು ಕಿತ್ತರು.

ಅದು ವಾಪಸ್ ಬಂದಾಗ ಅವಳು ನೋಡ್ತಾಳೆ, ಬಂಧುಬಳಗವೆಲ್ಲ ಇದೆ, ಮದುವೆ ಹೆಣ್ಣೇ ಇಲ್ಲ!

ನಾನು ಕಿರುಚಾಡಿದೆ. ಫ್ರಿಜ್ಜಿನವರು ಸಮಾಧಾನ ಮಾಡಿದರು. "ಸೇರಿಸಿ ಸಾರ್, ಬೇಡ ಅಂದವರ್ಯಾರು? ನಮ್ಮನೆಯವಳ ಕೆಳಗೆ ಸೇರಿಸಿ."

ಗಡಿಯಾಚೆಯ ಅತಿಥಿ

ಹನೂರಿನ ಹತ್ತಿರ ಒಂದು ಕಡೆ ಅಂತರರಾಷ್ಟ್ರೀಯ ವಿಚಾರ ಸಂಕಿರಣ ಅಂದರು. ಅಲ್ಲಿ ಓದಿದ್ದನ್ನೆಲ್ಲ ಪುಸ್ತಕ ಮಾಡ್ತಾರೆ ಅನ್ನೋ ಆಸೆಗೆ ಅವಳನ್ನು ಕರಕೊಂಡು ಹೋದೆ. ವೇದಿಕೆ ಮೇಲೆ ವಿದೇಶದವರ ಸುಳಿವಿಲ್ಲ. ಸಂಘಟಕರನ್ನು ಕೇಳಿದೆ.

"ಅವರು ಕೈಕೊಟ್ಟರು ಸಾರ್. ಆದರೂ ಗಡಿಯಾಚೆಯಿಂದ ಒಬ್ಬರು ಬಂದವ್ರೆ," ಅಂತ ತೋರಿಸಿದರು. ತಮಿಳುನಾಡಿನ ಮೇಷ್ಟ್ರು, ಬೆಳಗಿನ ಬಸ್ಸಿಗೆ ಬಂದಿದ್ದರು. ಸೊಗಸಾಗಿ ತಮಿಳಿನಲ್ಲೇ ಮಾತಾಡಿದರು. ಗಡಿ ಹತ್ತಿರದ ಆ ಊರಲ್ಲಿ ತಮಿಳು ಬರದವರು ಕಡಿಮೆ, ಸಭೆ ತಲೆದೂಗಿತು.

ಪುಸ್ತಕ ಇನ್ನೂ ಬಂದಿಲ್ಲ. ಆದರೆ ಅಂತರರಾಷ್ಟ್ರೀಯ ಸಂಕಿರಣದಲ್ಲಿ ಎಲ್ಲರಿಗೂ ಎಲ್ಲವೂ ಅರ್ಥವಾಗಿದ್ದನ್ನ ನಾನು ನೋಡಿದ್ದು ಅದೊಂದೇ ಸಲ.

ಇಲ್ಲ ಅನ್ನೋದು

ಅವಳ ಮೊದಲ ಪ್ರಬಂಧದಲ್ಲಿದ್ದದ್ದು ಇಷ್ಟು. ಹುಳದಲ್ಲಿ ಒಂದು ಜೀನ್ ಇದೆ, ಅದಿದ್ದರೆ ನೂಲು ಉದ್ದ ಬರುತ್ತೆ ಅಂತ ಎಲ್ಲರೂ ಬರೆದುಕೊಂಡು ಬಂದಿದ್ದರು. ಇವಳು ಕಣ್ಣು ಕೆಂಪಾಗೋವರೆಗೂ ನೂಲು ಅಳೆದು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಕಂಡುಕೊಂಡಳು. ಒಂದು ಪತ್ರಿಕೆಗೆ ಕಳಿಸಿದ್ವಿ, ಅವರು ಪರಿಶೀಲಿಸೋಕೆ ಇಬ್ಬರು ಪಂಡಿತರ ಕೈಗೆ ಕೊಟ್ಟರು. ಮೊದಲನೆಯವರು 'ಇದರಲ್ಲಿ ಹೊಸದೇನೂ ಇಲ್ಲ, ತಿರಸ್ಕರಿಸಿ' ಅಂದರು. ಎರಡನೆಯವರು 'ಇಂಥದ್ದನ್ನ ಈವರೆಗೆ ಯಾರೂ ಹೇಳಿಲ್ಲ, ತಿರಸ್ಕರಿಸಿ' ಅಂದರು.

ಅವಳ ಕಣ್ಣಲ್ಲಿ ನೀರು. "ಹೊಸದೂ ಅಲ್ಲ, ಹಳೇದೂ ಅಲ್ಲ. ಹಂಗಾದ್ರೆ ಏನ್ ಸಾರ್ ಇದು?"

"ನಿಜ ಕಣಮ್ಮ," ಅಂದೆ. "ಅದಕ್ಕೇ ಯಾರಿಗೂ ಬೇಡ."

ನೆಂಟರ ಹುಳ

ಇನ್ನೊಂದು ಪ್ರಯೋಗಕ್ಕೆ ಕೈಹಾಕಿದ್ವಿ. ನಮ್ಮ ಕಾಲೇಜಿನಲ್ಲಿ ಬೆಳೆಸಿದ ಹೊಸ ತಳಿ ಬೇಸಿಗೆಯ ಝಳ ತಡೆಯುತ್ತಾ ಅಂತ ನೋಡೋದು. ಧನಗೆರೆಯ ರೈತರೊಬ್ಬರ ಹುಳದ ಮನೇಲಿ, ಶೀಟಿನ ಕೆಳಗೆ, ಒಂದು ಕಡೆ ಹೊಸ ತಳಿ, ಇನ್ನೊಂದು ಕಡೆ ಅವರದೇ ಹಳೇ ತಳಿ. ಎರಡಕ್ಕೂ ಒಂದೇ ಸೊಪ್ಪು, ಒಂದೇ ಬಿಸಿಲು. ಹುಳ ನೋಡಿಕೊಳ್ಳೋರು ರೈತರ ತಾಯಿ. ವಾರಕ್ಕೊಮ್ಮೆ ನಾವು ಹೋಗಿ ನೋಡಿಕೊಂಡು ಬರ್ತಿದ್ವಿ.

ಏನು ಹೇಳಲಿ! ಹಳೇ ತಳಿ ಸೊರಗಿ ಉದುರಿತು, ಹೊಸ ತಳಿ ದುಂಡುದುಂಡಗೆ ಗೂಡು ಕಟ್ಟಿತು. ಬರೆದು ಕಳಿಸಿದ್ವಿ. ಈ ಸಲ ಪಂಡಿತರು ಕುಣಿದಾಡಿಬಿಟ್ಟರು. 'ಅದ್ಭುತ, ಅನುಮಾನಕ್ಕೆ ಎಡೆಯಿಲ್ಲದ ಫಲಿತಾಂಶ.' ಅಚ್ಚಾಗಿಯೂ ಹೋಯ್ತು. ಅವಳು ಸಿಹಿ ಪೊಟ್ಟಣ ಹಿಡಿದು ಹೊರಟಳು, ನಾನೂ ಜೊತೆಗೆ ಧನಗೆರೆಗೆ ಹೋದೆ.

ಹುಳ ನೋಡಿಕೊಂಡಿದ್ದ ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು ಹೇಳಿದರು, "ಬದುಕ್ಕಂಡ್ವಲ್ಲ ನಿಮ್ಮವು, ಅಷ್ಟು ಸಾಕು ಕಣವ್ವ. ಆ ಬಿಸ್ಲಲ್ಲಿ ಎಷ್ಟು ಒದ್ದಾಡ್ದೆ ಅಂತೀಯೆ! ಗೋಣಿತಾಟು ನೆನ್ಸಿ ನೆನ್ಸಿ ಕಟ್ದೆ."

ಅವಳ ಮುಖ ಬಿಳಿಚಿತು. "ಎರಡು ಕಡೆಗೂ ಕಟ್ಟಿದ್ರಾ ಅವ್ವ?"

"ನಮ್ಮವುಕ್ಯಾಕೆ? ಅವು ಮನೇವು, ತಡ್ಕತವೆ. ನಿಮ್ಮವು ನೆಂಟ್ರು. ಎಳೇ ಸೊಪ್ಪೆಲ್ಲ ಆಯ್ದು ಅವುಕ್ಕೇ ಇಕ್ಕಿದ್ದು."

"ಮತ್ತೆ ನಾವು ಬಂದಾಗ ಗೋಣಿತಾಟು ಇರಲಿಲ್ವಲ್ಲ?" ಅಂದೆ.

"ನೀವು ಬತ್ತೀರಿ ಅಂದ್ರೆ ತಗದ್ಬುಡ್ತಿದ್ದೆ ಸಾ. ದೊಡ್ಡೋರು ಬರುವಾಗ ಮನೆ ಚೊಕ್ಕಾಗಿರಬ್ಯಾಡ್ವಾ?"

ನನಗೆ ನಗೂನೂ ಬರಲಿಲ್ಲ, ಅಳೂನೂ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಅವರ ಮೇಲೆ ಸಿಟ್ಟಾಗೋದು? "ಬಂದ ನೆಂಟ್ರು ನಮ್ಮನೇಲಿ ಸತ್ರೆ ಊರೋರು ನನ್ ಮಕಕ್ಕೆ ಉಗಿಯಾಕಿಲ್ವಾ?" ಅಂತ ಅವರೇ ನಮ್ಮನ್ನ ಕೇಳಿದರು.

ಎರಡು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ನಾನೇ ಅಂದೆ, "ನೋಡಮ್ಮ, ಇದು ನಮ್ಮಿಬ್ಬರನ್ನ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನ್ನ ಕೆಲಸದ ಪ್ರಶ್ನೆ. ಏನು ಮಾಡಬೇಕು ಅಂತ ನೀನೇ ಹೇಳು."

"ನಮ್ಮೂರೋರೇ ಯಾರಾದ್ರೂ ಅದನ್ನ ನಂಬಿ ಈ ತಳಿ ಸಾಕಿ, ಬೇಸಿಗೇಲಿ ಬೆಳೆ ಕಳಕಂಡ್ರೆ?" ಅಂದಳು. "ವಾಪಸ್ ತಗೊಳ್ಳೋಣ ಸಾರ್."

ನನ್ನ ಕಣ್ಣು ಒದ್ದೆಯಾಯ್ತು. ಇಷ್ಟು ವರ್ಷದ ಮೇಷ್ಟ್ರು ಕೆಲಸಕ್ಕೆ ಅಷ್ಟೇ ಸಾಕು ಅನ್ನಿಸಿತು. ಪತ್ರಿಕೆಗೆ ನಡೆದದ್ದನ್ನೆಲ್ಲ ಬರೆದಳು. ತಪ್ಪು ಅಚ್ಚಾಗೋಕೆ ವರ್ಷ ಹಿಡಿದಿತ್ತು, ಈ ತಪ್ಪೊಪ್ಪಿಗೆ ತಿಂಗಳಲ್ಲೇ ಅಚ್ಚಾಯ್ತು. 'ಈ ಪ್ರಬಂಧದ ಫಲಿತಾಂಶ ಸರಿಯಿಲ್ಲ, ಲೇಖಕರು ಹಿಂಪಡೆದಿದ್ದಾರೆ' ಅಂತ ಅವಳ ಹೆಸರಿನಲ್ಲೇ ಒಂದು ಪುಟ. ಫ್ರಿಜ್ಜಿನವರು ಈ ಸಲ ಫೋನ್ ಮಾಡಿ ತಮ್ಮ ಹೆಸರು ದಯವಿಟ್ಟು ಬೇಡ ಅಂದಿದ್ದರು.

ಇನ್ನು ಉಳಿದದ್ದು ಸೊನ್ನೆ. ಒಂದು ವರ್ಷ ಗಡುವು ಕೊಡಿ ಅಂತ ಕೈಮುಗಿಯೋಣ ಅಂತ ಇಬ್ಬರೂ ವಿಶ್ವವಿದ್ಯಾಲಯಕ್ಕೆ ಹೋದ್ವಿ. ಅಲ್ಲಿನ ಗುಮಾಸ್ತರು ಅಚ್ಚಾದ ಪ್ರಬಂಧ, ತಪ್ಪೊಪ್ಪಿಗೆಯ ಪುಟ, ಎರಡರ ಪ್ರತಿಗಳನ್ನೂ ತಗೊಂಡು, ಹೆಸರು ನೋಡಿ, ಪತ್ರಿಕೆಯ ಹೆಸರು ನೋಡಿ, ಎರಡರ ಮೇಲೂ ಠಪ್ಪಂತ ಮೊಹರು ಒತ್ತಿದರು.

"ಗಡುವು ಯಾಕಮ್ಮ? ಎರಡು ಪ್ರಕಟಣೆ ಆಗಿದ್ಯಲ್ಲ. ಮಹಾಪ್ರಬಂಧ ಸಲ್ಲಿಸಿ."

ಅವಳು ಗಾಬರಿಯಾದಳು. "ಸಾರ್, ಸರಿಯಾಗಿ ನೋಡಿ. ಎರಡನೇದು ಮೊದಲನೇದು ಸುಳ್ಳು ಅಂತ ಹೇಳಿರೋದು ಸಾರ್!"

ಗುಮಾಸ್ತರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ, ನನ್ನನ್ನೊಮ್ಮೆ ಮರುಕದಿಂದ ನೋಡಿದರು.

"ಮೇಲಿನವರು ಎಣಿಸೋಕೆ ಹೇಳವ್ರೆ ಕಣಮ್ಮ. ಓದೋಕೆ ಹೇಳಿಲ್ಲ."