ನುಸಿಗೆ ಕೊಟ್ಟ ಗಡುವು

ಶತ್ರು ಚಿಕ್ಕದಾದಷ್ಟೂ ನನ್ನ ಸಿಟ್ಟು ದೊಡ್ಡದಾಗುತ್ತದೆ. ಹಾವು ಬಂದರೆ ಓಣಿಯವರೆಲ್ಲ ಬಡಿಗೆ ಹಿಡಿದು ಓಡಿಬರುತ್ತಾರೆ. ಮಂಗ ಬಂದರೆ ಹಂಪಿಯಿಂದ ಬಂದಿರಬೇಕು ಎಂದು ಬಾಳೆಹಣ್ಣು ಕೊಟ್ಟು ಕಳಿಸುತ್ತಾರೆ. ಮನೆಯಲ್ಲಿ ನುಸಿ ತುಂಬಿದೆ ಎಂದರೆ ಮಾತ್ರ ಯಾರೂ ಕೂತಲ್ಲಿಂದ ಏಳುವುದಿಲ್ಲ. ಎಳ್ಳುಕಾಳಿಗಿಂತ ಸಣ್ಣ ಹುಳ, ಕಚ್ಚುವುದಿಲ್ಲ, ಗುಂಯ್ ಎನ್ನುವುದೂ ಇಲ್ಲ, ಕಣ್ಣ ಮುಂದೆ ಸುಮ್ಮನೆ ತೇಲಾಡುತ್ತದೆ. ಅದನ್ನು ಹೊಡೆಯಲು ಹೋಗಿ ನಾನು ಹೊಸಪೇಟೆಯ ನಮ್ಮ ಮನೆಯ ತುಂಬ ಚಪ್ಪಾಳೆ ತಟ್ಟುತ್ತ ಓಡಾಡಿದ್ದನ್ನು ಕಂಡ ಎದುರು ಮನೆಯವರು, ಯಾವ ಭಜನಾ ಮಂಡಳಿ ಸೇರಿದ್ದೀರಿ ಎಂದು ವಿಚಾರಿಸಿದ್ದರು.

ಇದಕ್ಕೆಲ್ಲ ಮೂಲ ಸಂಡೂರಿನ ನಮ್ಮ ನಾದಿನಿಯ ಗೃಹಪ್ರವೇಶ. ಕಬ್ಬಿಣದ ಅದಿರಿಗೆ ಬೆಲೆ ಏರಿದ ಕಾಲ ಅದು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಲಾರಿ ಮಾಲೀಕರು. ನಾದಿನಿಯ ಗಂಡನೂ ಲಾರಿ ಕೊಂಡು, ಅದರ ಬೆನ್ನಿಗೇ ದೊಡ್ಡ ಮನೆ ಕಟ್ಟಿಸಿದ್ದರು. ಬಂದವರಿಗೆ ಸ್ಟೀಲ್ ಡಬ್ಬಿ ಕೊಟ್ಟು ಕಳಿಸುವುದು ಆ ಮನೆಗೆ ಕಡಿಮೆಯಾಗುತ್ತದೆ ಎನಿಸಿತೋ ಏನೋ, ಬೆಂಗಳೂರಿನಿಂದ ಆರ್ಕಿಡ್ ಗಿಡ ತರಿಸಿ ಒಬ್ಬೊಬ್ಬರಿಗೂ ಒಂದೊಂದು ಕುಂಡ ಹಂಚಿದರು. ಕಂಪ್ಲಿಯ ನೆಂಟರು ಇದನ್ನು ತಿನ್ನಬಹುದೇ ಎಂದು ಕೇಳಿ, ಆಗದು ಎಂದಮೇಲೆ ಅಲ್ಲೇ ಬಿಟ್ಟು ಬಸ್ ಹತ್ತಿದರು. ಅವರು ಬಿಟ್ಟದ್ದನ್ನೂ ಸೇರಿಸಿ ಎತ್ತಿಕೊಂಡು ಬಂದವಳು ನಾನು. ಪಡಸಾಲೆಯ ಕಿಟಕಿಯ ಪಕ್ಕ ಸಾಲಾಗಿ ಇಟ್ಟೆ. ಬಿಳಿ ಹೂಗಳು ಅರಳಿ ನಿಂತಾಗ ನನಗಾದ ಸಂತೋಷವನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಮದುವೆಯ ದಿನವೂ ಅಷ್ಟು ಆಗಿರಲಿಲ್ಲ.

ಹೂವಿನ ಹಿಂದೆಯೇ ನುಸಿ ಬಂತು. ನನ್ನ ಅತ್ತೆ ದಿನಾ ಬೆಳಿಗ್ಗೆ ಅದೇ ಪಡಸಾಲೆಯಲ್ಲಿ ಕುಳಿತು, ಅಂಗೈ ಮೇಲೆ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟು ಪೂಜೆ ಮಾಡುವವರು. ನುಸಿಗಳಿಗೂ ಅದೇ ಹೊತ್ತು ಪ್ರಶಸ್ತ ಎನಿಸಿತು. ಕಣ್ಣಿಗೆ ಮುತ್ತಿದರೂ ಪೂಜೆ ಬಿಟ್ಟು ಕೈ ಬೀಸುವಂತಿಲ್ಲ. ಒಂದು ದಿನ ಪೂಜೆ ಮುಗಿಸಿ ಎದ್ದವರೇ ತೀರ್ಪು ಕೊಟ್ಟರು: "ಬರೋ ಅಮಾಸಿ ಒಳಗ ಈ ನುಸಿ ಹೋಗಬೇಕು ನೋಡವ್ವ. ಇಲ್ಲಾಂದ್ರ ನಿನ್ನ ಕುಂಡ ಅಂಗಳಕ್ಕ ಹೋಗ್ತಾವು."

ಅಂಗಳವೆಂದರೆ ಗಿಡಗಳಿಗೆ ಮರಣದಂಡನೆಯೇ. ಮನೆ ಮುಂದಿನ ರಸ್ತೆಯಲ್ಲಿ ಹಗಲೂ ರಾತ್ರಿ ಅದಿರು ಲಾರಿ, ಅದರ ಧೂಳು. ದಾಸವಾಳದ ಎಲೆ, ಒಣಹಾಕಿದ ಬಿಳಿ ಪಂಚೆ, ಅಂಗಳದ ಬೆಕ್ಕು, ಎಲ್ಲವೂ ಒಂದೇ ಕೆಂಪು. ಅದರ ಮೇಲೆ ನಮ್ಮ ಊರಿನ ಬಿಸಿಲು. ಪ್ರಾಣ ಹೋದರೂ ಸರಿ, ಕುಂಡಗಳು ಹೊಸ್ತಿಲು ದಾಟಕೂಡದು ಎಂದು ಸೆರಗು ಸಿಕ್ಕಿಸಿದೆ.

ಮೊದಲು ಸಾಂಬ್ರಾಣಿ ಹೊಗೆ ಹಾಕಿದೆ. ಮನೆಯವರೆಲ್ಲ ಕೆಮ್ಮುತ್ತ ಹೊರಗೆ ಓಡಿದರು, ನುಸಿಗಳು ಒಳಗೇ ಉಳಿದವು. ಬಟ್ಟಲಲ್ಲಿ ಬೆಲ್ಲದ ನೀರು ಹುಳಿಬರಿಸಿ ಇಟ್ಟರೆ ಬಿದ್ದು ಸಾಯುತ್ತವೆ ಎಂದು ಯಾರೋ ಹೇಳಿದರು. ಇಟ್ಟೆ. ಪಕ್ಕದ ಓಣಿಯ ನುಸಿಗಳೂ ಊಟಕ್ಕೆ ಬಂದವು. ಬೇವಿನ ಹಿಂಡಿ ಹಾಕಿದ ದಿನ, ದೋಣಿಮಲೈಯಿಂದ ಕಂಪನಿ ಬಸ್ಸಿನಲ್ಲಿ ಡ್ಯೂಟಿ ಮುಗಿಸಿ ಬಂದ ನನ್ನ ಗಂಡ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, ತಾವು ವಾಪಸ್ ಗಣಿಗೇ ಹೋಗುವುದಾಗಿ ತಿಳಿಸಿದರು. ಕೊನೆಗೆ ನರ್ಸರಿಯವರನ್ನು ಕೇಳಿದೆ. ನುಸಿ ಹುಟ್ಟುವುದು ಬುಡದ ಹಸಿಯಲ್ಲಿ, ನೀರು ನಿಲ್ಲಿಸಿ ಬುಡ ಒಣಗಿಸಿದರೆ ಸಂತಾನವೇ ನಿಲ್ಲುತ್ತದೆ ಎಂದರು.

ಆ ದಿನವೇ ನೀರು ನಿಲ್ಲಿಸಿದೆ. ವಾರ ಕಳೆದರೂ ಕುಂಡದಲ್ಲಿ ಬೆರಳಿಟ್ಟರೆ ಹಸಿಯೇ. ಇದ್ದಿಲು, ತೆಂಗಿನ ನಾರು ತುಂಬಿದ ಕುಂಡಕ್ಕೆ ಯಾವ ಒರತೆ? ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ನನಗೆ ಅಳುವೇ ಬಂತು.

ಒಂದು ನಸುಕಿನಲ್ಲಿ ಎಚ್ಚರವಾಗಿ ಪಡಸಾಲೆಗೆ ಬಂದರೆ, ಸ್ನಾನ ಮಾಡಿದ ಅತ್ತೆ ತಂಬಿಗೆ ಹಿಡಿದು ಕುಂಡಗಳ ಮುಂದೆ ಕುಳಿತಿದ್ದಾರೆ. ಒಂದೊಂದೇ ಎಲೆಯನ್ನು ಅಂಗೈಯಲ್ಲಿಟ್ಟು ಕೂಸಿನ ಮುಖ ತೊಳೆದಂತೆ ತೊಳೆಯುತ್ತಿದ್ದಾರೆ. ಮಿಕ್ಕ ನೀರೆಲ್ಲ ಬುಡಕ್ಕೆ. ನನ್ನನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ತಂಬಿಗೆ ಕೆಳಗಿಟ್ಟರು. "ಕಿಟಕ್ಯಾಗ ಲಾರಿ ಧೂಳು ಹೆಂಗ ಬರ್ತೈತಿ ನೋಡು. ಹಂಗ ಬಿಟ್ರ ಅವಕ್ಕ ಉಸಿರು ಕಟ್ಟಂಗಿಲ್ಲೇನು?"

ಗಿಡ ಹೊರಗೆ ಹಾಕುತ್ತೇನೆ ಎಂದವರೇ ಅವಕ್ಕೆ ದಿನಾ ಸ್ನಾನ ಮಾಡಿಸುತ್ತಿದ್ದರು! ನನಗೆ ಸಿಟ್ಟು ಬರಲಿಲ್ಲ, ಅವರ ಮೇಲೆ ಹಿಂದೆಂದೂ ಇಲ್ಲದ ಪ್ರೀತಿ ಬಂತು. ಪಕ್ಕದಲ್ಲಿ ಕುಳಿತು ನರ್ಸರಿಯವರ ಮಾತನ್ನು ತಿಳಿಸಿದೆ. ಅವರು ಕುಂಡದ ಬುಡಕ್ಕೆ ಬೆರಳಿಟ್ಟು ನೋಡಿದರು. "ಹಂಗಾದ್ರ ನುಸಿ ಸಾಕಿದಾಕಿ ನಾನಽ ಅನ್ನು" ಎಂದವರೇ ತಂಬಿಗೆ ಒಳಗಿಟ್ಟು, ಒಣಬಟ್ಟೆ ತಂದರು. ಅಮಾವಾಸ್ಯೆಯ ಹೊತ್ತಿಗೆ ಬುಡ ಒಣಗಿತು, ನುಸಿ ವಿರಳವಾಯಿತು, ಗಡುವು ಮುಂದಕ್ಕೆ ಹೋಯಿತು. ಇನ್ನೊಂದು ಅಮಾವಾಸ್ಯೆಗೆ ಹುಡುಕಿದರೂ ಒಂದು ನುಸಿ ಇರಲಿಲ್ಲ.

ಈಗ ಬಂದವರಿಗೆಲ್ಲ ಆರ್ಕಿಡ್ ತೋರಿಸಿ, ಬುಡದ ಹಸಿಯ ಶಾಸ್ತ್ರ ವಿವರಿಸುವವರು ಅತ್ತೆ. ನೀರು ಹಾಕುವ ಅಧಿಕಾರವೂ ಅವರದೇ. ಮೊನ್ನೆ ಎಲೆ ಯಾಕೋ ಬಾಡಿದಂತೆ ಕಂಡು, ಅವರು ಅಡುಗೆಮನೆಯಲ್ಲಿರುವಾಗ ಒಂದು ಲೋಟ ನೀರು ಹಿಡಿದು ಮೆಲ್ಲಗೆ ಕಿಟಕಿಯ ಬಳಿ ಹೋದೆ.

"ಯಾಕ ಹೋದಿ ಅಲ್ಲಿ?" ಒಳಗಿನಿಂದ ದನಿ ಬಂತು.

"ಸುಮ್ನ ನೋಡಾಕ ಬಂದೀನ್ರಿ, ಅತ್ತಿ."

"ಕೈಯಾಗ ನೀರು ಯಾಕ?"

ಬಾಯಾರಿಕೆಯಾಗಿದೆ ಎಂದೆ. ಅವರು ಬಾಗಿಲಿಗೆ ಬಂದು ನಿಂತರು. ಅವರು ನೋಡುತ್ತಿರುವಂತೆಯೇ, ನನ್ನ ಗಿಡದ ಮುಂದೆ ನಿಂತು, ಲೋಟದ ನೀರು ಪೂರ್ತಿ ಕುಡಿದೆ.